ಅರ್ಧ ಸುತ್ತಿದ ಫೇಟಾ

ಇವತ್ತು ಅಥಣಿಯಲ್ಲಿ ನಾನು ನಿರೂಪಿಸುವ ಟಿವಿ ಕಾರ್ಯಕ್ರಮದ ವೇದಿಕೆಗೆ, ಸನ್ಮಾನಿತರ ತಲೆಗೆ ಸುತ್ತುವ ಫೇಟಾಗಳು ಬಂದವು. ಹೊಸ ಬಟ್ಟೆಯ ಗಂಜಿ ವಾಸನೆಗೆ ನಮ್ಮೂರು ಮಂಗಸೂಳಿಯ ಒಂದು ಮದುವೆ ಮಧ್ಯಾಹ್ನ ನೆನಪಾಯಿತು.

ನನಗಾಗ ಹತ್ತು ವರ್ಷ. ಧ್ವನಿ ಚೆನ್ನಾಗಿದೆಯೆಂದು, ಫೇಟಾ ಸುತ್ತಿಸಿಕೊಳ್ಳುವವರ ಹೆಸರು ಕರೆಯಲು ಮೈಕ್ ಕೊಟ್ಟಿದ್ದರು. ಮೊದಲ ಫೇಟಾ ಊರಿನ ದೊಡ್ಡವರಿಗೆಂದು ನನಗೇನು ಗೊತ್ತು? ಕುರಿ ಕಾಯುವ ನನ್ನಪ್ಪನನ್ನೇ ಕರೆದೆ.

ದ್ರಾಕ್ಷಿ ತೋಟದ ಸಾವ್ಕಾರರು ಎದ್ದು ಬಂದು ಮೈಕ್ ಕಿತ್ತುಕೊಂಡರು. "ಕುರಿ ಕಾಯಾವಗ ಮೊದಲ ಫೇಟಾ ಏನ್ಲೇ?"

ಅರ್ಧ ಸುತ್ತಿದ್ದನ್ನು ಅಪ್ಪ ತಾನೇ ಬಿಚ್ಚಿ, ನೀಟಾಗಿ ಮಡಚಿ ಕೊಟ್ಟ. "ನಡಿಯವ್ವಾ, ಊಟಾ ಮಾಡೂಣು" ಎಂದ.

ಇವತ್ತಿನ ಪಟ್ಟಿಯಲ್ಲಿ ಮೊದಲ ಹೆಸರು ಅದೇ ಸಾವ್ಕಾರರದು. ಕರೆದೆ. ಅರ್ಧ ಸುತ್ತುವವರೆಗೆ ಕಾದು, ಮೈಕ್‌ನಲ್ಲೇ ಹೇಳಿದೆ:

"ಸಾವ್ಕಾರ್ರ, ಅದನ್ನ ಬಿಚ್ಚಿ, ಮಡಚಿ ಕೊಡ್ರಿ. ಅದು ನಮ್ಮಪ್ಪಂದೈತಿ."