ನಾಲ್ಕನೆಯ ಚೀಲ

ಊಟದ ಬಿಡುವು ಮುಗಿಯಲು ಇನ್ನು ನಲವತ್ತು ನಿಮಿಷವಿತ್ತು. ನಾಲ್ಕನೆಯ ಬಾವುಟವನ್ನು ಉಳಿಸಲು ದರ್ಜಿಯಮ್ಮನಿಗಿದ್ದ ಸಮಯವೂ ಅಷ್ಟೇ.

ನಗರಸಭೆಯ ಸಭಾಂಗಣದ ಗೋಡೆಯ ಮೇಲೆ ಏಳು ಬಾವುಟಗಳು ಸಾಲಾಗಿ ತೂಗುತ್ತಿದ್ದವು: ಆರು ಹೊಸವು, ನಡುವೆ ನಾಲ್ಕನೆಯದಾಗಿ ಊರಿನ ಹಳೆಯದೊಂದು. ಊರಿಗೊಂದು ಬಾವುಟ ಆರಿಸಲು ಬಂದವರಿಗೆಲ್ಲ ಒಂದು ಬಿಳಿ ಗುಂಡಿ, ಒಂದು ಕಪ್ಪು ಗುಂಡಿ ಕೊಡುತ್ತಿದ್ದರು. ಮೆಚ್ಚಿದ ಬಾವುಟದ ಕೆಳಗಿನ ಚೀಲಕ್ಕೆ ಬಿಳಿಯದು, ತೀರಾ ಕೆಟ್ಟದೆನಿಸಿದ್ದರ ಚೀಲಕ್ಕೆ ಕಪ್ಪು. ಅತಿ ಹೆಚ್ಚು ಕಪ್ಪು ಬಿದ್ದದ್ದನ್ನು ಎಲ್ಲರೆದುರು ವೇದಿಕೆಯ ಮೇಲೆ ಮಡಿಸಿ, ಮತ್ತೆಂದೂ ಹಾರಿಸುವುದಿಲ್ಲವೆಂದು ಠರಾವು ಮಾಡುವುದಾಗಿ ಅಧ್ಯಕ್ಷರು ಸಾರಿದ್ದರು. ಗುಂಡಿಗಳನ್ನು ಒದಗಿಸಿದವಳೂ, ಲಾಡಿ ಹಾಕಿ ಏಳು ಚೀಲ ಹೊಲಿದವಳೂ ದರ್ಜಿಯಮ್ಮನೇ. ನಾಲ್ಕನೆಯ ಬಾವುಟವನ್ನು ನಲವತ್ತೆರಡು ವರ್ಷಗಳ ಹಿಂದೆ ಬರೆದವರು ಅವಳ ತಂದೆ, ನಿವೃತ್ತ ಡ್ರಾಯಿಂಗ್ ಮೇಷ್ಟ್ರು.

“ನಾಲ್ಕನೇದರ ಹೊಲಿಗೆ ಬಿಟ್ಟಿದೆ ನೋಡಿ ಅಕ್ಕಾ, ಭಾರಕ್ಕೆ,” ಎಂದು ಗುಮಾಸ್ತ ಬೀಗದ ಕೈ ಅವಳ ಕೈಗಿತ್ತಿದ್ದ. “ಅಷ್ಟೂ ಕಪ್ಪು. ಒಂದು ಮಾತು ಹೇಳ್ಲಾ? ನಿಮ್ಮ ಅಪ್ಪ ದಿನಾ ಬೆಳಿಗ್ಗೆ ವಾಕಿಂಗ್ ಮುಗಿಸಿ ಇಲ್ಲಿಗೇ ಬರ್ತಾರೆ. ಅದರ ಮುಂದೆ ನಿಂತು, ಚೀಲದ ಮೇಲೆ ಕೈಯಿಟ್ಟು, ಸುಮ್ಮನೆ ಹೋಗ್ತಾರೆ. ನನಗೇ ಕರುಳು ಚುರುಕ್ ಅನ್ನುತ್ತೆ.” ಅಷ್ಟು ಹೇಳಿ ಅವನು ಊಟಕ್ಕೆ ಹೋಗಿದ್ದ.

ದರ್ಜಿಯಮ್ಮ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿದಳು. ಅಪ್ಪನಿಗೆ ದೂರದ್ದು ಕಾಣದು. ಎದುರಿನ ನಗರಸಭೆಯ ಕಂಬಕ್ಕೆ ಬಾವುಟ ಏರುವ ಹೊತ್ತಿಗೆ ಪ್ರತಿದಿನ ಕುರ್ಚಿಯಿಂದಲೇ ಕೇಳುತ್ತಿದ್ದರು: “ಪುಟ್ಟೀ, ಗಾಳಿ ಇದೆಯೇನೇ?” ಬಾವುಟ ಒದ್ದೆ ಬಟ್ಟೆಯಂತೆ ಕಂಬಕ್ಕೆ ಅಂಟಿಕೊಂಡ ದಿನವೂ ಅವಳು, “ಹೂಂ ಅಪ್ಪಾ, ಚೆನ್ನಾಗಿ ಹಾರ್ತಿದೆ,” ಎನ್ನುತ್ತಿದ್ದಳು. ಇನ್ನೆರಡು ದಿನ ಕಳೆದರೆ ಅದೇ ಬಾವುಟವನ್ನು ಊರೆಲ್ಲ ನೋಡುತ್ತಿರುವಾಗ ಮಡಿಸುತ್ತಾರೆ. ಮೊದಲ ಸಾಲಿನ ಕುರ್ಚಿಯಲ್ಲಿ ಎಂಬತ್ತೆರಡರ ಮುದುಕ ಕುಳಿತಿರುತ್ತಾರೆ.

ಅವಳು ಚೀಲಕ್ಕೆ ಕೈಯಿಳಿಸಿದಳು. ಒಂದು ಹಿಡಿ. ಎರಡು. ಮೂರು. ಗುಂಡಿಗಳು ಬುತ್ತಿಯ ಖಾಲಿ ಡಬ್ಬಿಗೆ ಬಿದ್ದ ಸದ್ದಿಗೆ ಅವಳು ಬಾಗಿಲತ್ತ ತಿರುಗಿ ನೋಡಿದಳು. ನಾಲ್ಕನೆಯ ಹಿಡಿಯಲ್ಲಿ ಬೆರಳು ತಡೆದು ನಿಂತಿತು. ಅವಳು ತರಿಸಿದ್ದು ತೆಳುವಾದ ಎರಡು ತೂತಿನ ಗುಂಡಿ. ಬೆರಳಿಗೆ ಸಿಕ್ಕಿದ್ದು ದಪ್ಪನೆಯದು, ನಾಲ್ಕು ತೂತಿನದು. ಬೆಳಕಿಗೆ ಹಿಡಿದಳು. ಕೊಂಬಿನಿಂದ ಮಾಡಿದ, ಕೋಟಿನ ಕಪ್ಪು ಗುಂಡಿ. ತೂತುಗಳಲ್ಲಿ ಕಂದು ರೇಷ್ಮೆ ದಾರದ ತುಣುಕು ಇನ್ನೂ ಸಿಕ್ಕಿಕೊಂಡಿತ್ತು. ಆ ದಾರ ಅವಳದು; ಕಳೆದ ಚಳಿಗಾಲದಲ್ಲಿ ಅವಳೇ ಹಾಕಿದ ಹೊಲಿಗೆ. ತಡಕಿದಾಗ ಅಂಥದೇ ಇನ್ನೆರಡು ಸಿಕ್ಕವು. ಮತದಾನಕ್ಕೆ ಅಂದು ಮೂರನೆಯ ದಿನ.

ಚೀಲಕ್ಕೆ ಅವಸರದಲ್ಲಿ ನಾಲ್ಕು ಹೊಲಿಗೆ ಹಾಕಿ, ಡಬ್ಬಿಯನ್ನು ಕಂಕುಳಲ್ಲಿ ಅವುಚಿಕೊಂಡು ಅವಳು ರಸ್ತೆ ದಾಟಿದಳು. ಮನೆಯಲ್ಲಿ ಅಪ್ಪ ಕೋಟು ತೊಟ್ಟೇ ಕುಳಿತಿದ್ದರು. ಎದೆಯ ಮೇಲೆ ಒಂದು ಗುಂಡಿಯೂ ಇರಲಿಲ್ಲ; ಎಡಗೈಯಿಂದ ಕೋಟಿನ ಎರಡೂ ಅಂಚನ್ನು ಹಿಡಿದುಕೊಂಡಿದ್ದರು. ಅವಳು ಮೂರು ಗುಂಡಿಗಳನ್ನು ಅವರ ಮಡಿಲಲ್ಲಿಟ್ಟಳು.

“ಸಿಕ್ಕಿಬಿದ್ದೆ,” ಎಂದರು ಮೇಷ್ಟ್ರು.

“ನಿಮ್ಮ ಬಾವುಟಕ್ಕೆ ನೀವೇನಾ ಅಪ್ಪಾ?”

“ನನ್ನದು ಎಲ್ಲಿ ಬಂತು? ನಾನು ಬರೆದದ್ದು ನೀಲಿ ಬಟ್ಟೆ, ಅದರಲ್ಲೊಂದು ಬಿಳಿ ಪಟ್ಟಿ. ಅಷ್ಟೇ. ಆಗಿನ ಅಧ್ಯಕ್ಷ ಗಡಿಯಾರದ ಗೋಪುರ ಬೇಕು ಅಂದ. ಉಪಾಧ್ಯಕ್ಷನಿಗೆ ಮೀನು ಬೇಕಿತ್ತು. ಗಿರಣಿಯವನು ಚಕ್ರ ಸೇರಿಸಿದ. ಕೊನೆಗೆ ಊರಿನ ಹೆಸರು ಬರೀರಿ, ಇಲ್ಲದಿದ್ರೆ ಯಾವ ಊರು ಅಂತ ಹೇಗೆ ಗೊತ್ತಾಗುತ್ತೆ ಅಂದರು. ನಾನು ಎಲ್ಲದಕ್ಕೂ ಹೂಂ ಅಂದೆ. ಕೆಳಗೆ ಸಹಿ ಬೇರೆ ಹಾಕಿದೆ.”

“ಮತ್ತೆ ದಿನಾ ಬೆಳಿಗ್ಗೆ ಗಾಳಿ ಇದೆಯಾ ಅಂತ ಕೇಳ್ತಿದ್ರಲ್ಲಾ?”

“ಇಲ್ಲ ಅನ್ನೋ ಮಾತು ಒಂದು ದಿನವಾದ್ರೂ ನಿನ್ನ ಬಾಯಿಂದ ಬರುತ್ತೇನೋ ಅಂತ. ಗಾಳಿ ಇಲ್ಲದಿದ್ರೆ ಅದು ಬಿಚ್ಚಿಕೊಳ್ಳಲ್ಲ, ಯಾರಿಗೂ ಕಾಣಲ್ಲ. ಈ ಊರಿಗೆ ಇಷ್ಟೊಂದು ಗಾಳಿ ಎಲ್ಲಿಂದ ಬರುತ್ತೋ, ಕಾಣೆ.”

ದರ್ಜಿಯಮ್ಮ ಎದ್ದು ಹೊಲಿಗೆ ಯಂತ್ರದ ಖಾನೆಯಿಂದ ಸೂಜಿ, ಕಂದು ದಾರ ತಂದಳು. ಅಪ್ಪ ಅವಳ ಕೈ ತಡೆದರು.

“ಸೂಜಿ ಯಾಕೆ? ಕತ್ತರಿ ತಾ. ಇನ್ನೂ ಎರಡು ದಿನ ಇದೆ. ತೋಳಿನಲ್ಲಿ ಎರಡು ಉಳಿದಿವೆ. ಈ ಮೂರನ್ನ ಹಲ್ಲಲ್ಲಿ ಕಚ್ಚಿ ಕಿತ್ತೆ. ಇನ್ನು ಆಗಲ್ಲಮ್ಮ.”

ಅವಳು ಸೂಜಿ, ದಾರವನ್ನು ಖಾನೆಗೆ ಹಿಂದಿಟ್ಟಳು. ಆಮೇಲೆ ಕತ್ತರಿ ತಂದು, ತೋಳಿನ ಬಟ್ಟೆಗೆ ತಾಗದಂತೆ, ತಾನೇ ಹಾಕಿದ ಹೊಲಿಗೆಯನ್ನು ಒಂದೊಂದಾಗಿ ಕತ್ತರಿಸಿದಳು. ಐದೂ ಗುಂಡಿಗಳನ್ನು ಡಬ್ಬಿಯೊಳಗಿನ ರಾಶಿಗೆ ಸೇರಿಸಿ, ಮುಚ್ಚಳ ಒತ್ತಿ, ಸಭಾಂಗಣದ ಬೀಗದ ಕೈ ಎತ್ತಿಕೊಂಡು ಗಡಿಯಾರ ನೋಡಿದಳು.

ಊಟದ ಬಿಡುವು ಮುಗಿಯಲು ಇನ್ನು ಆರು ನಿಮಿಷವಿತ್ತು.