ಬುಟ್ಟಿಯಲ್ಲಿದ್ದ ಆಮೆ

ಆಮೆ ಸಾಕುವ ಹೊಸ ವಿಧಾನ ಯಾವುದೇ ಸಿಗಲಿ, ಪ್ರಭಂಜನ ಅದನ್ನು ಮೊದಲು ಊರವರ ಆಮೆಗಳ ಮೇಲೆ ಮಾಡಿ ನೋಡುತ್ತಿದ್ದ. ತನ್ನ ರಾಣಿಯ ಸರದಿ ಆಮೇಲೆ. ರಾಣಿಯೆಂದರೆ ಅವನಿಗೆ ಪ್ರಾಣ. ಹೋದ ವರ್ಷ ಅವನು ಚಿಪ್ಪಿಗೆ ಹಚ್ಚಿದ ಎಣ್ಣೆಯಿಂದ ಎದುರುಮನೆ ವನಜಾಕ್ಷಿಯ ಆಮೆಯೊಂದು ಸತ್ತಿತ್ತು. "ಪ್ರಯೋಗ ಅಂದ್ಮೇಲೆ ಒಂದೆರಡು ಹೋಗ್ತವೆ ಮೇಡಂ" ಅಂದಿದ್ದ.

ಆದರೂ ಈ ಸಲ ತಂಗಿಯ ಮದುವೆಗೆ ಹೊರಟ ವನಜಾಕ್ಷಿ ತನ್ನ ಇನ್ನೊಂದು ಆಮೆ ಚೆನ್ನಿಯನ್ನು ಬುಟ್ಟಿಯಲ್ಲಿ ಹೊತ್ತು ಅವನ ಮನೆಗೇ ಬಂದಳು. ಚೆನ್ನಿ, ರಾಣಿ ಎರಡೂ ಒಂದೇ ಅಚ್ಚು. ಒಳಗೊಳಗೇ ಹಿಗ್ಗಿದ ಪ್ರಭಂಜನ ಕಾಫಿ ಮಾಡಿಕೊಟ್ಟು ಅವಳನ್ನು ಕಳಿಸಿದ. ಚಳಿದೇಶದ ಆಮೆಗಳು ತಣ್ಣಗೆ ಮಲಗಿ ಆಯುಷ್ಯ ಹೆಚ್ಚಿಸಿಕೊಳ್ಳುತ್ತವೆಂದು ಎಲ್ಲೋ ಓದಿದ್ದ. ಅಂದೇ ಬುಟ್ಟಿಯಲ್ಲಿದ್ದ ಆಮೆಯನ್ನು ಫ್ರಿಜ್ಜಿನಲ್ಲಿಟ್ಟ.

ಅವಳು ಮರಳಿದಾಗ ತಲೆ ತಗ್ಗಿಸಿ ನಿಂತ.

"ಎಚ್ಚರಾನೇ ಆಗ್ಲಿಲ್ಲ ಮೇಡಂ. ನಿಮ್ಮ ಚೆನ್ನಿ ಹೋದ್ಲು."

"ಒಂದೆರಡು ಹೋಗ್ತವೆ ಬಿಡಿ ಸಾರ್."

ಅವಳು ರಾಣಿಯ ಗೂಡಿದ್ದ ಬಾಲ್ಕನಿಗೆ ನಡೆದು, ಕೈಯಲ್ಲಿದ್ದ ದಾಸವಾಳವನ್ನು ಕೆಳಗೆ ಹಿಡಿದು ಕರೆದಳು. "ಚೆನ್ನೀ, ಬಾರೇ."

ಅಷ್ಟೂ ದಿನ ಅವನು ರಾಣಿಯೆಂದು ಮುದ್ದು ಮಾಡಿದ ಆಮೆ ತೆವಳುತ್ತ ಬಂದು ಅವಳ ಕೈಯ ಹೂವಿಗೆ ಬಾಯಿ ಹಾಕಿತು.

"ನೀವು ಕಾಫಿ ಮಾಡೋಕೆ ಒಳಗೆ ಹೋದಾಗ ಬುಟ್ಟಿಗೆ ರಾಣೀನ ಹಾಕಿದ್ದೆ ಸಾರ್."