ಮೂಲ: ಫ್ರೆಂಚ್

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ, ಗಂಡ ಎರವಲು ತಂದಿದ್ದ ಫ್ರೆಂಚ್ ಪುಸ್ತಕವನ್ನು ಲೋಬೋ ಮೇಷ್ಟ್ರಿಗೆ ಹಿಂದಿರುಗಿಸಲು ಹೋದೆ.

“ಒಂದು ದಿನ ಮಲಗಿದವನಲ್ಲ. ಹೀಗೆ ಏಕಾಏಕಿ ಹೋಗೋದೇ!” ಎಂದರು ಮೇಷ್ಟ್ರು.

ಯಾರಿಗೂ ಗೊತ್ತಿಲ್ಲದ ಒಬ್ಬ ಫ್ರೆಂಚ್ ಲೇಖಕನ ಜೀವನಕಥೆ ಅದು. ನನ್ನವರು ಕನ್ನಡಕ್ಕೆ ಅನುವಾದಿಸಿದಷ್ಟನ್ನು ದಿನವೂ ಓದಿ ಹೇಳುತ್ತಿದ್ದರು. ಕಾಯಿಲೆಯನ್ನು ಹೆಂಡತಿಗೆ ತಿಳಿಸದೆಯೇ ಆ ಲೇಖಕ ಮೂವತ್ತನಾಲ್ಕಕ್ಕೆ ಸತ್ತ. ಆ ಹೆಂಡತಿಗಾಗಿ ನಾನು ಅತ್ತಿದ್ದೆ.

“ಕೊನೆಯ ಅಧ್ಯಾಯ ಉಳಿದುಹೋಯಿತು ಸರ್. ಆ ಲೇಖಕ ಹೆಂಡತಿಗೆ ಯಾಕೆ ಹೇಳಲಿಲ್ಲ ಅಂತ ಅದರಲ್ಲಿದೆಯಂತೆ. ಓದಿ ಹೇಳ್ತೀರಾ?”

ಮೇಷ್ಟ್ರು ಕನ್ನಡಕ ಹಾಕಿಕೊಂಡು ಪುಟ ತಿರುವಿದರು.

“ಇದರಲ್ಲಿ ಯಾವ ಲೇಖಕನಮ್ಮ? ಇದು ಬ್ರೆಡ್ ಮಾಡೋ ಪುಸ್ತಕ. ನಿನ್ನ ಗಂಡನಿಗೆ ಫ್ರೆಂಚೇ ಬರ್ತಿರಲಿಲ್ಲ. ಫ್ರೆಂಚಲ್ಲಿದ್ರೆ ಸಾಕು ಸರ್, ಯಾವುದಾದ್ರೂ ಕೊಡಿ ಅಂತ ಒಯ್ದಿದ್ದ.”